ನಗೆಯ ಬಲ, ನಗೆಯ ಮಿತಿ: ಬಾಲವನದ ಕಾರಂತರು

ಪುತ್ತೂರಿನ ಪರ್ಲಡ್ಕದಲ್ಲಿರುವ ಬಾಲವನ ಈಗ ಒಂದು ಸ್ಮಾರಕ. ಅಲ್ಲಿಗೆ ಬರುವ ಶಾಲಾ ಮಕ್ಕಳು ಕೋಟ ಶಿವರಾಮ ಕಾರಂತರ ಭಾವಚಿತ್ರದೆದುರು ತುಸು ಅಳುಕಿ ನಿಲ್ಲುವುದುಂಟು. ಬೆಳ್ಳಗಿನ ಕೂದಲು, ಚೂಪು ನೋಟ, ಬಿಗಿದ ತುಟಿ. ಹಿರಿಯರಲ್ಲಿ ಉಳಿದಿರುವ ನೆನಪೂ ಬಹುಮಟ್ಟಿಗೆ ಅದೇ. ಕಾರಂತರೆಂದರೆ ನಿಷ್ಠುರ, ಸಿಡುಕು, ಮುಖಕ್ಕೆ ಹೊಡೆದಂತಹ ಮಾತು. ಆದರೆ ಅವರ ಬರಹಗಳನ್ನು ಒಂದರ ಹಿಂದೆ ಒಂದರಂತೆ ಓದಿದವರಿಗೆ ಇನ್ನೊಬ್ಬ ಕಾರಂತರು ಎದುರಾಗುತ್ತಾರೆ. ಮೈಗಳ್ಳನ ದಿನಚರಿಯಿಂದ ಪುಟಗಳನ್ನು ಕಿತ್ತುಕೊಟ್ಟವರು, ಮೈಲಿಕಲ್ಲಿನೊಡನೆ ಮಾತುಕತೆಗೆ ಕುಳಿತವರು, ತಮ್ಮ ಆತ್ಮಕಥನಕ್ಕೇ ಹುಚ್ಚು ಮನಸ್ಸಿನ ಹತ್ತು ಮುಖಗಳು ಎಂದು ಹೆಸರಿಟ್ಟವರು ಅವರು.

ಈ ಎರಡನೆಯ ಕಾರಂತರನ್ನು ಇಂದು ನೆನೆಯುವುದಕ್ಕೆ ಕಾರಣವಿದೆ. ಖಿನ್ನತೆಯ ಮಾತು ಈಗ ಮೊದಲಿನಂತೆ ಪಿಸುಮಾತಲ್ಲ. ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಅದು ಚರ್ಚೆಯಾಗುತ್ತಿದೆ. ಅದರೊಂದಿಗೆ ಒಂದು ಸುಲಭದ ಸಲಹೆಯೂ ಎಲ್ಲೆಡೆ ಕೇಳಿಬರುತ್ತದೆ: ನಗಬೇಕು, ನಕ್ಕರೆ ಎಲ್ಲ ಸರಿಹೋಗುತ್ತದೆ. ನಗರಗಳ ಉದ್ಯಾನಗಳಲ್ಲಿ ನಗೆಕೂಟಗಳು ಸೇರುತ್ತವೆ. ಈ ಸಲಹೆ ಎಷ್ಟು ನಿಜ? ಪುತ್ತೂರಿನಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಾಳಿದ ಕಾರಂತರ ಬದುಕು ಈ ಪ್ರಶ್ನೆಗೆ ಸರಳವಲ್ಲದ, ಆದರೆ ಪ್ರಾಮಾಣಿಕವಾದ ಒಂದು ಉತ್ತರವನ್ನು ಕೊಡುತ್ತದೆ.

ಕಾರಂತರು ಜನಿಸಿದ್ದು 1902ರ ಅಕ್ಟೋಬರ್ 10ರಂದು, ಕೋಟದಲ್ಲಿ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು, ಇಪ್ಪತ್ತು ತುಂಬುವ ಮೊದಲೇ ಮಂಗಳೂರಿನ ಕಾಲೇಜನ್ನು ಬಿಟ್ಟು ಹೊರಬಂದರು. ಖಾದಿಯ ಪ್ರಚಾರ ಮಾಡಿದರು, ವಸಂತ ಎಂಬ ಮಾಸಪತ್ರಿಕೆ ನಡೆಸಿದರು, ನಾಟಕ ಆಡಿಸಿದರು. ಮಾತು ಬಾರದ ಸಿನಿಮಾದ ಕಾಲದಲ್ಲಿ ಡೊಮಿಂಗೊ ಎಂಬ ಚಿತ್ರವನ್ನೂ ತಯಾರಿಸಿದರು. ಲೆಕ್ಕದ ಪುಸ್ತಕ ಹಿಡಿದು ನೋಡಿದರೆ ಈ ಸಾಹಸಗಳಲ್ಲಿ ಲಾಭದ ಕಲಮು ಬಹಳ ಚಿಕ್ಕದು. ಪದವಿಯಿಲ್ಲ, ನೌಕರಿಯಿಲ್ಲ, ಹಿಡಿದ ಕೆಲಸ ಕೈಗೆ ಹತ್ತುತ್ತದೆಂಬ ಖಾತರಿಯಿಲ್ಲ. ಇಂತಹ ಸ್ಥಿತಿಯಲ್ಲಿ ತನ್ನಿಂದೇನೂ ಆಗದು ಎಂಬ ತೀರ್ಮಾನಕ್ಕೆ ಬರುವ ಯುವಕರು ಆಗಲೂ ಇದ್ದರು, ಈಗಲೂ ಇದ್ದಾರೆ.

ಕಾರಂತರು ಆ ತೀರ್ಮಾನಕ್ಕೆ ಬರಲಿಲ್ಲ. ಸೋತ ಪ್ರತಿಯೊಂದು ಯತ್ನವನ್ನೂ ಅವರು ಮುಗಿದುಹೋದ ಒಂದು ಪ್ರಯೋಗವೆಂಬಂತೆ ಬದಿಗಿಟ್ಟು ಮುಂದಿನದಕ್ಕೆ ಕೈಹಾಕಿದರು. 1948ರಲ್ಲಿ ಆತ್ಮಕಥನ ಬರೆಯುವಾಗ ಆ ಸೋಲುಗಳನ್ನೆಲ್ಲ ಸಾಲಾಗಿ ಜೋಡಿಸಿದರೂ ಅಲ್ಲಿ ಅಳಲಿನ ಧ್ವನಿ ಮೇಲಾಗಲಿಲ್ಲ. ತಮ್ಮನ್ನು ತಾವೇ ತುಸು ದೂರದಲ್ಲಿ ನಿಂತು, ನೆರೆಮನೆಯ ಹುಡುಗನನ್ನು ನೋಡಿದಂತೆ ನೋಡಿ, ಅವನ ಹುಚ್ಚಾಟಕ್ಕೆ ನಗುವ ಧಾಟಿ ಅದು.

ಈ ದೂರ ನಿಲ್ಲುವಿಕೆಯೇ ನಮ್ಮ ವಿಷಯದ ತಿರುಳು. 1927ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಹಾಸ್ಯವನ್ನು ಕುರಿತ ಒಂದು ಕಿರುಪ್ರಬಂಧದಲ್ಲಿ, ಮನಸ್ಸು ತನ್ನ ಸಂಕಟವನ್ನೇ ಹಿರಿಯನೊಬ್ಬ ಮಗುವಿನ ಅಳುವನ್ನು ನೋಡುವಂತೆ ನೋಡಬಲ್ಲುದು, ಹಾಸ್ಯದ ಮೂಲ ಅಲ್ಲಿದೆ ಎಂಬ ವಿಚಾರವನ್ನು ಮಂಡಿಸಿದ್ದ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯನ್ನು ಇನ್ನೊಂದು ದಿಕ್ಕಿನಿಂದ ಪರಿಶೀಲಿಸಿದ. ಖಿನ್ನರಾದವರ ಆಲೋಚನೆಗೆ ಒಂದು ನಿಶ್ಚಿತವಾದ ಜಾಡು ಇರುತ್ತದೆಂದು ಅವನು ಗುರುತಿಸಿದ. ನಾನು ನಿಷ್ಪ್ರಯೋಜಕ, ಲೋಕ ನನಗೆ ಎದುರು, ಮುಂದೆ ಒಳಿತಾಗದು; ಮನಸ್ಸು ಈ ಮೂರು ತೀರ್ಪುಗಳ ನಡುವೆಯೇ ಗಾಣದೆತ್ತಿನಂತೆ ಸುತ್ತುತ್ತದೆ. ಒಂದು ತಪ್ಪು ಇಡೀ ಬಾಳಿನ ತಪ್ಪಾಗಿ ತೋರುತ್ತದೆ. ಹಾಸ್ಯಕ್ಕೆ ಬೇಕಾದುದು ಇದಕ್ಕೆ ತೀರ ವಿರುದ್ಧವಾದ ಗುಣ. ಒಂದೇ ಸಂಗತಿಯನ್ನು ಏಕಕಾಲದಲ್ಲಿ ಎರಡು ಬಗೆಯಾಗಿ ಕಾಣುವ ಸಡಿಲತನ ಅದಕ್ಕೆ ಬೇಕು. ಆದುದರಿಂದ ನಗೆಗೂ ಮಂಕಿಗೂ ಇರುವ ಸಂಬಂಧ ಮೂಲತಃ ಆಲೋಚನೆಯ ರೀತಿಯ ಸಂಬಂಧ. ತುಟಿ ಅರಳಿಸುವ ವ್ಯಾಯಾಮದ ಮಾತು ಅದಲ್ಲ.

ಕಾರಂತರು ಪುತ್ತೂರಿಗೆ ಬಂದು ನೆಲೆಸಿದ ಕಾಲಕ್ಕೆ ಇಂದಿನ ಸುಳ್ಯ, ಕಡಬ ತಾಲ್ಲೂಕುಗಳ ಬಹುಭಾಗ ಪುತ್ತೂರಿನ ಆಡಳಿತಕ್ಕೇ ಸೇರಿತ್ತು. ಸಹಕಾರ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರಂಥವರು ಕಟ್ಟುತ್ತಿದ್ದ ಊರು ಅದು. ಅಲ್ಲಿ ಕಾರಂತರು ಮಕ್ಕಳಿಗಾಗಿ ಬಾಲವನವನ್ನು ಕಟ್ಟಿದರು, ನಾಡಹಬ್ಬದ ದಿನಗಳಲ್ಲಿ ನಾಡಿನ ಸಾಹಿತಿಗಳನ್ನು ಕರೆಸಿದರು, ಮೂರು ಸಂಪುಟಗಳ ಬಾಲಪ್ರಪಂಚವನ್ನೂ ಮುಂದೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ಒಬ್ಬರೇ ಬರೆದರು. 1936ರ ಮೇ 6ರಂದು ಲೀಲಾ ಆಳ್ವರನ್ನು ವಿವಾಹವಾದರು. ಅವರು ಬಂಟರ ಮನೆಯ ಹುಡುಗಿ, ಇವರು ಕೋಟದ ಬ್ರಾಹ್ಮಣ. ಆ ಕಾಲದ ಸಮಾಜ ಈ ಮದುವೆಯನ್ನು ಸುಮ್ಮನೆ ಒಪ್ಪಲಿಲ್ಲ, ಕುಹಕವಾಡಿತು. ಮರಾಠಿಯಲ್ಲಿ ಓದಿ ಬೆಳೆದಿದ್ದ ಲೀಲಾ ಮದುವೆಯ ಬಳಿಕ ಕನ್ನಡವನ್ನು ಹೊಸದಾಗಿ ರೂಢಿಸಿಕೊಂಡು, ಹರಿ ನಾರಾಯಣ ಆಪ್ಟೆಯವರ ಪ್ರಸಿದ್ಧ ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದರು. ಪತಿಯ ಗೀತನಾಟಕಗಳಲ್ಲಿ ನರ್ತಿಸಿದರು. ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ ಎಂಬ ನಾಲ್ವರು ಮಕ್ಕಳು ಆ ಮನೆಯಲ್ಲಿ ಬೆಳೆದರು. ಕಾರಂತರು ತಮ್ಮ ಮುದ್ರಣಾಲಯಕ್ಕೆ ಇಟ್ಟ ಹೆಸರೂ ಹರ್ಷವೇ.

ಪುತ್ತೂರಿನಿಂದ ಪೂರ್ವಕ್ಕೆ, ಘಟ್ಟದ ತಪ್ಪಲಿನ ಕಾಡುಗಳಲ್ಲಿ ಕಾರಂತರು ಬಹಳ ಅಲೆದರು. ಮಲೆಕುಡಿಯರ ಬದುಕನ್ನು ಕುರಿತ ಕುಡಿಯರ ಕೂಸು ಆ ಅಲೆದಾಟದ ಫಲ. 1943ರ ಬೆಟ್ಟದ ಜೀವವೂ ಅಷ್ಟೇ. ಸುಬ್ರಹ್ಮಣ್ಯದ ಹಾದಿಯಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬ ಕುಮಾರಪರ್ವತದ ಮಗ್ಗುಲಿನ ಒಂಟಿ ಮನೆಯೊಂದಕ್ಕೆ ಬಂದು ಸೇರುವ ಕಥೆ ಅದು. ಮನೆಯ ಯಜಮಾನ ಗೋಪಾಲಯ್ಯ ಕಾಡನ್ನು ಕಡಿದು ಅಡಿಕೆ ತೋಟ ಎಬ್ಬಿಸಿದವನು. ಮುದುಕನಾದರೂ ಬತ್ತದ ಉತ್ಸಾಹ, ಮಾತು ಮಾತಿಗೂ ತಮಾಷೆ, ಹೆಂಡತಿಯನ್ನು ಛೇಡಿಸದಿದ್ದರೆ ಅವನಿಗೆ ದಿನವೇ ಸರಿಯದು. ಬಂದ ಅತಿಥಿ ಆ ವಿನೋದದಲ್ಲಿ ಮೈಮರೆಯುತ್ತಾನೆ. ಬಳಿಕ ನಿಧಾನವಾಗಿ ಅವನಿಗೆ ತಿಳಿಯುತ್ತದೆ, ಈ ದಂಪತಿಗಳ ಮಗ ಶಂಭು ಮನೆ ಬಿಟ್ಟು ಹೋಗಿ ವರ್ಷಗಳಾಗಿವೆ, ಸುದ್ದಿಯಿಲ್ಲ. ಹೆಂಡತಿಯ ದುಃಖ ಕಣ್ಣೀರಾಗಿ ಹರಿಯುತ್ತದೆ. ಗೋಪಾಲಯ್ಯನ ದುಃಖ ವಿನೋದದ ಕೆಳಗೆ, ಒಸರಿನ ನೀರಿನಂತೆ ಕಾಣದೆ ಹರಿಯುತ್ತದೆ.

ಈ ಪಾತ್ರವನ್ನು ಓದುಗರು ಎಂಬತ್ತು ವರ್ಷಗಳಿಂದಲೂ ಮೆಚ್ಚುತ್ತ ಬಂದಿದ್ದಾರೆ. 2011ರಲ್ಲಿ ಪಿ. ಶೇಷಾದ್ರಿಯವರ ನಿರ್ದೇಶನದಲ್ಲಿ ಅದು ಚಲನಚಿತ್ರವಾಗಿಯೂ ಬಂತು. ಆದರೆ ಗೋಪಾಲಯ್ಯನ ನಗೆಯನ್ನು ಸುಖದ ಗುರುತೆಂದು ಓದಿದರೆ ಕಾರಂತರ ಉದ್ದೇಶ ತಪ್ಪಿಹೋಗುತ್ತದೆ. ಅದು ನೋವನ್ನು ಇಲ್ಲವಾಗಿಸುವ ನಗೆಯಲ್ಲ, ನೋವನ್ನು ಹೊತ್ತುಕೊಂಡು ನಾಳೆಯ ತೋಟದ ಕೆಲಸಕ್ಕೆ ಇಳಿಯಲು ಬೇಕಾದ ನಗೆ. ಅದೇ ಮನೆಯಲ್ಲಿ, ಅದೇ ನಗೆಯ ಪಕ್ಕದಲ್ಲಿಯೇ ಅವನ ಹೆಂಡತಿಯ ಸಂಕಟ ಕರಗದೆ ಉಳಿದಿದೆ ಎಂಬುದನ್ನೂ ಕಾರಂತರು ಮರೆಮಾಚಿಲ್ಲ.

ಹಾಸ್ಯವೆಲ್ಲ ಒಂದೇ ಬಗೆಯದಲ್ಲ ಎಂಬುದನ್ನು ಮನಶ್ಶಾಸ್ತ್ರ ಈಗ ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಕೆನಡಾದ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ 32 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿ ನಾಲ್ಕು ಶೈಲಿಗಳನ್ನು ವಿಂಗಡಿಸಿದರು. ಜನರನ್ನು ಹತ್ತಿರ ತರುವ ಹಾಸ್ಯ, ಕಷ್ಟದ ನಡುವೆ ತನ್ನನ್ನು ತಾನು ಎತ್ತಿ ನಿಲ್ಲಿಸಿಕೊಳ್ಳುವ ಹಾಸ್ಯ, ಇತರರನ್ನು ಚುಚ್ಚುವ ಹಾಸ್ಯ, ಇತರರ ಮೆಚ್ಚುಗೆಗಾಗಿ ತನ್ನನ್ನೇ ತುಳಿದುಕೊಳ್ಳುವ ಹಾಸ್ಯ. ಎರಡನೆಯ ಬಗೆ ಹೆಚ್ಚಾಗಿರುವವರಲ್ಲಿ ಖಿನ್ನತೆಯ ಲಕ್ಷಣಗಳು ಸಾಮಾನ್ಯವಾಗಿ ಕಡಿಮೆ. ನಾಲ್ಕನೆಯದು ಹೆಚ್ಚಾಗಿರುವವರಲ್ಲಿ ಆ ಲಕ್ಷಣಗಳು ಹೆಚ್ಚು. ಅರ್ಥಶಾಸ್ತ್ರ ಓದಿದವನಾಗಿ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ನಗುವವನು ಖಿನ್ನನಾಗುವುದಿಲ್ಲವೋ, ಖಿನ್ನನಾದವನಿಗೆ ನಗಲು ಆಗುವುದಿಲ್ಲವೋ, ಅಥವಾ ಎರಡರ ಹಿಂದೆಯೂ ಒಂದೇ ಆಲೋಚನಾಕ್ರಮ ಕೆಲಸ ಮಾಡುತ್ತಿದೆಯೋ ಎಂಬುದನ್ನು ಪ್ರಶ್ನಾವಳಿಯೊಂದರಿಂದಲೇ ನಿರ್ಧರಿಸಲಾಗದು.

ಕಾರಂತರ ಬರಹದಲ್ಲಿ ಎರಡನೆಯ ಬಗೆ ಧಾರಾಳವಾಗಿದೆ, ಮೂರನೆಯದೂ ಕಡಿಮೆಯಿಲ್ಲ. ಡಾಂಭಿಕರನ್ನು, ರಾಜಕಾರಣಿಗಳನ್ನು, ಸ್ವಯಂಘೋಷಿತ ಜಗದೋದ್ಧಾರಕರನ್ನು ಅವರು ನಿರ್ದಾಕ್ಷಿಣ್ಯವಾಗಿ ಕುಟುಕಿದರು. ಆ ಚೂಪಿನಿಂದ ಅನೇಕರು ದೂರವಾದದ್ದೂ ಉಂಟು. ಆದರೆ ನಾಲ್ಕನೆಯ ಬಗೆ ಅವರಲ್ಲಿ ಅಪರೂಪ. ತಮ್ಮನ್ನು ಕುರಿತು ನಕ್ಕಾಗಲೂ ಅವರು ತಮ್ಮನ್ನು ಕೀಳುಗೈಯಲಿಲ್ಲ. ತನ್ನ ತಪ್ಪಿಗೆ ನಗುವುದಕ್ಕೂ ತನ್ನ ಅಸ್ತಿತ್ವಕ್ಕೇ ನಗುವುದಕ್ಕೂ ಇರುವ ಅಂತರವನ್ನು ಅವರ ಆತ್ಮಕಥನದ ಪುಟಪುಟದಲ್ಲಿಯೂ ಕಾಣಬಹುದು.

ಈ ಅಂತರವನ್ನು ನಾನು ತಡವಾಗಿ ಅರಿತೆ. ಸುಳ್ಯದ ಕಡೆಯ ನನ್ನ ಸೋದರಮಾವ ಊರಿಗೆಲ್ಲ ನಗಿಸುವವರೆಂದು ಹೆಸರಾದವರು. ಮದುವೆ ಮನೆಯ ಪಂಕ್ತಿಯಲ್ಲಿ ಅವರ ಪಕ್ಕದ ಎಲೆಗಾಗಿ ನಾವು ಹುಡುಗರು ಜಗಳವಾಡುತ್ತಿದ್ದೆವು. ಅಡಿಕೆ ತೋಟಕ್ಕೆ ಹಳದಿ ರೋಗ ಬಂದು ವರ್ಷದಿಂದ ವರ್ಷಕ್ಕೆ ಮರಗಳು ಸೊರಗಿದಾಗಲೂ ಅವರು ತಮಾಷೆ ನಿಲ್ಲಿಸಲಿಲ್ಲ. ಆದರೆ ತಮಾಷೆಯ ವಸ್ತು ಬದಲಾಗಿತ್ತು. ಮೊದಲು ಮಂಗಗಳನ್ನೂ ಮಧ್ಯವರ್ತಿಗಳನ್ನೂ ಮಳೆಯನ್ನೂ ಗೇಲಿ ಮಾಡುತ್ತಿದ್ದವರು ಬರಬರುತ್ತ ತಮ್ಮನ್ನೊಬ್ಬರನ್ನೇ ಗೇಲಿ ಮಾಡತೊಡಗಿದ್ದರು. ತೋಟಕ್ಕೆ ಬಂದ ರೋಗಕ್ಕಿಂತ ತೋಟದ ಯಜಮಾನನೇ ದೊಡ್ಡ ರೋಗ ಎಂಬ ಧಾಟಿಯ ಮಾತುಗಳು. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಒಂದು ಮಳೆಗಾಲದಲ್ಲಿ ಅವರು ಮಾತನ್ನೇ ಬಿಟ್ಟು ಮಲಗಿಬಿಟ್ಟಾಗ, ಕಿರಿಯ ವೈದ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆ ಇವರು ಎಂದಿನಿಂದ ಹೀಗೆ ತಮ್ಮನ್ನು ಹಳಿದುಕೊಳ್ಳುತ್ತಿದ್ದರು ಎಂಬುದು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು, ಕೆಲವು ವರ್ಷ ನೆಮ್ಮದಿಯಾಗಿಯೇ ಇದ್ದರು. ಆದರೆ ಕಳೆದುಹೋದ ಆ ನಾಲ್ಕೈದು ವರ್ಷಗಳಿಗೆ ಅವರ ನಗೆಯೂ ನಮ್ಮ ನಗೆಯೂ ಪರದೆಯಾಗಿತ್ತು. ಸೇವೆಯಲ್ಲಿದ್ದಾಗ ಬೆಳೆ ನಷ್ಟದ ಎಷ್ಟೋ ಪಟ್ಟಿಗಳಿಗೆ ಸಹಿ ಹಾಕಿದ್ದೇನೆ. ನಷ್ಟದ ಕ್ವಿಂಟಲಿಗೆ ಅವುಗಳಲ್ಲಿ ಕಲಮು ಇರುತ್ತಿತ್ತು. ಬೆಳೆದವನ ಮನಸ್ಸಿಗೆ ಇರಲಿಲ್ಲ.

ಕಾರಂತರ ಮನೆಗೂ ಪರೀಕ್ಷೆಯ ಕಾಲ ಬಂತು. ಕುಟುಂಬ ಪುತ್ತೂರನ್ನು ಬಿಟ್ಟು ಸಾಲಿಗ್ರಾಮಕ್ಕೆ ಹೋದದ್ದು 1974ರಲ್ಲಿ. ಅದಕ್ಕೆ ಕೆಲವು ವರ್ಷಗಳ ಹಿಂದೆ ಹಿರಿಯ ಮಗ ಹರ್ಷ ತೀರಿಕೊಂಡಿದ್ದ. ಮಗನನ್ನು ಕಳೆದುಕೊಂಡ ವೃದ್ಧ ದಂಪತಿಗಳ ಕಥೆಯನ್ನು ದಶಕಗಳ ಹಿಂದೆಯೇ ಬರೆದಿದ್ದ ಲೇಖಕನಿಗೆ ಬದುಕು ಅದೇ ಅಧ್ಯಾಯವನ್ನು ಇನ್ನೂ ಕಠೋರವಾಗಿ ಬರೆದು ಎದುರಿಗಿಟ್ಟಿತು. ಗೋಪಾಲಯ್ಯನ ಮಗ ಮರಳಿ ಬಂದಾನೆಂಬ ಆಸೆಯಾದರೂ ಇತ್ತು. ಇಲ್ಲಿ ಅದಕ್ಕೂ ಎಡೆಯಿರಲಿಲ್ಲ.

ಆ ಬಳಿಕ ಲೀಲಾ ಕಾರಂತರನ್ನು ಖಿನ್ನತೆ ಆವರಿಸಿತು. ಇಲ್ಲದ್ದು ಕಾಣುವ, ಕೇಳುವ ಭ್ರಮೆಗಳೂ ಅವರನ್ನು ಕಾಡಿದವು. ಒಂದೇ ಮನೆ, ಒಂದೇ ಸಾವು. ಒಬ್ಬರು ಬರವಣಿಗೆಯ ಮೇಜಿಗೆ, ಯಕ್ಷಗಾನದ ಪ್ರಯೋಗಗಳಿಗೆ, ಪ್ರಯಾಣಕ್ಕೆ ಮರಳಿದರು. ಇನ್ನೊಬ್ಬರಿಗೆ ಆ ದಾರಿ ತೆರೆಯಲಿಲ್ಲ. ಇದನ್ನು ಒಬ್ಬರ ಧೈರ್ಯವೆಂದೂ ಇನ್ನೊಬ್ಬರ ದೌರ್ಬಲ್ಯವೆಂದೂ ವಿಂಗಡಿಸುವುದು ಅನ್ಯಾಯ. ಸಮಾಜದ ಕುಹಕವನ್ನು ಎದುರಿಸಿ ಮದುವೆಯಾದ, ಹೊಸ ಭಾಷೆಯೊಂದನ್ನು ಕಲಿತು ಅದರಲ್ಲಿ ಗ್ರಂಥವನ್ನು ಅನುವಾದಿಸಿದ, ವೇದಿಕೆಯೇರಿ ನರ್ತಿಸಿದ ಮಹಿಳೆಯಲ್ಲಿ ಧೈರ್ಯಕ್ಕೆ ಕೊರತೆಯಿತ್ತೆಂದು ಯಾರು ಹೇಳಿಯಾರು? ಕಾಯಿಲೆ ಕಾಯಿಲೆಯೇ. ಕನ್ನಡದ ಅತ್ಯಂತ ಚುರುಕಾದ ವಿನೋದಪ್ರಜ್ಞೆಗಳಲ್ಲೊಂದು ಪಕ್ಕದಲ್ಲಿಯೇ ಇದ್ದರೂ ಅದನ್ನು ವಾಸಿಮಾಡಲಾಗಲಿಲ್ಲ. ಒಬ್ಬರ ಹಾಸ್ಯಪ್ರಜ್ಞೆಯನ್ನು ಔಷಧದಂತೆ ಇನ್ನೊಬ್ಬರಿಗೆ ಕುಡಿಸಲು ಬರುವುದಿಲ್ಲ.

1986ರ ಸೆಪ್ಟೆಂಬರಿನಲ್ಲಿ ಲೀಲಾ ಕಾರಂತರು ನಿಧನರಾದರು. ಕಾರಂತರ ಕೊನೆಯ ಕಾದಂಬರಿ ಪ್ರಕಟವಾದದ್ದೂ ಅದೇ ವರ್ಷ. ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಕೈ ಆಮೇಲೆ ಹನ್ನೊಂದು ವರ್ಷ ಬರೆಯುತ್ತಲೇ ಇದ್ದರೂ ಕಾದಂಬರಿಯನ್ನು ಮಾತ್ರ ಮತ್ತೆ ಬರೆಯಲಿಲ್ಲ. ಇದಕ್ಕೆ ಕಾರಣವನ್ನು ಊಹಿಸುವುದು ನಮ್ಮ ಅಧಿಕಾರದ ಆಚೆಗಿನ ಮಾತು. ಆದರೆ ನಗೆಯ ಬಲದಿಂದ ಕಾರಂತರಿಗೆ ದುಃಖವೇ ತಟ್ಟಲಿಲ್ಲವೆಂದು ಭಾವಿಸುವವರು ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಗಮನಾರ್ಹವಾದ ಇನ್ನೊಂದು ಸಂಗತಿಯಿದೆ. ಆ ಮನೆಯ ಮಗಳು ಮಾಳವಿಕಾ ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿ, ಶಾಲಾ ಮಕ್ಕಳ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಹೆಸರು ಮಾಡಿದರು. 2021ರಲ್ಲಿ ಅವರೂ ಒಡಹುಟ್ಟಿದವರಾದ ಉಲ್ಲಾಸ ಕಾರಂತ, ಕ್ಷಮಾ ರಾವ್ ಅವರೂ ಕೂಡಿ ತಮ್ಮ ತಂದೆತಾಯಿಯರನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಸಾರ್ವಜನಿಕರ ಸಿಡುಕಿನ ಕಾರಂತರ ಬದಲಿಗೆ ಮಕ್ಕಳ ಜೊತೆ ಮಕ್ಕಳಾಗುತ್ತಿದ್ದ ಅಪ್ಪನನ್ನು ಅದು ತೋರಿಸಿತು. ಮನೆಯ ಕಷ್ಟವನ್ನು ಮುಚ್ಚಿಡದೆ ನೆನೆಯುವ ಈ ಬಗೆಯನ್ನು ನಮ್ಮ ಮನೆತನಗಳು ಇನ್ನೂ ಕಲಿಯಬೇಕಾಗಿದೆ. ಸಕ್ಕರೆ ಕಾಯಿಲೆಯನ್ನು ಜಗಲಿಯಲ್ಲಿ ಕುಳಿತು ಚರ್ಚಿಸುವ ನಾವು ಮನಸ್ಸಿನ ಕಾಯಿಲೆಯನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತೇವೆ.

ವೈಯಕ್ತಿಕ ದುಃಖದ ಆ ವರ್ಷಗಳಲ್ಲಿ ಕಾರಂತರ ಸಾರ್ವಜನಿಕ ಬದುಕು ನಿಂತಿರಲಿಲ್ಲ. 1975ರ ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. ಮೂಕಜ್ಜಿಯ ಕನಸುಗಳಿಗಾಗಿ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಹೋರಾಡಿ, 1989ರಲ್ಲಿ, ಎಂಬತ್ತೇಳರ ಹರೆಯದಲ್ಲಿ, ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೆ ನಿಂತು ಸೋತರು. ಆ ಸೋಲೂ ಅವರಿಗೆ ಇನ್ನೊಂದು ಮುಗಿದ ಪ್ರಯೋಗವಷ್ಟೇ. ಬಾಳಿನ ಕೊನೆಯಲ್ಲಿ ಅವರು ಹಕ್ಕಿಗಳನ್ನು ಕುರಿತ ಪುಸ್ತಕವೊಂದರಲ್ಲಿ ತೊಡಗಿದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರ ಬದುಕು ಮುಗಿಯಿತು.

ಈ ಬಾಳಿನಿಂದ ಕಲಿಯಬೇಕಾದುದನ್ನು ಎಚ್ಚರದಿಂದ ಕಲಿಯಬೇಕು. ಕಷ್ಟವನ್ನು ತುಸು ದೂರದಿಂದ ನೋಡುವ, ಸೋಲನ್ನು ಬಾಳಿನ ತೀರ್ಪೆಂದು ತಿಳಿಯದಿರುವ ಮನೋಧರ್ಮ ಬಹುದೊಡ್ಡ ಆಸ್ತಿ. ಮಕ್ಕಳಲ್ಲಿ ಅದನ್ನು ಬೆಳೆಸಬಹುದು. ಬಾಲವನದ ಉದ್ದೇಶದಲ್ಲಿ ಅದೂ ಸೇರಿತ್ತೆಂದು ನಾನು ತಿಳಿದಿದ್ದೇನೆ. ಆದರೆ ಕಾಯಿಲೆ ಬಂದವರಿಗೆ ನಗು ಎಂದು ಉಪದೇಶಿಸುವುದು ಕಾಲು ಮುರಿದವನಿಗೆ ನಡೆ ಎಂದಂತೆ. ಅವರಿಗೆ ಬೇಕಾದುದು ವೈದ್ಯರು, ಔಷಧ, ಪಕ್ಕದಲ್ಲಿ ಕುಳಿತುಕೊಳ್ಳುವ ಮನುಷ್ಯರು. ಊರಿನಲ್ಲಿ ಮನೋವೈದ್ಯರಿಲ್ಲವೆಂಬ ನೆಪಕ್ಕೂ ಈಗ ಮೊದಲಿನಷ್ಟು ಆಧಾರವಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸುಳ್ಯ, ಕಡಬದ ಘಟ್ಟದ ತಪ್ಪಲಿನ ತೋಟಗಳಲ್ಲಿ ಹಳದಿ ರೋಗದ ಜೊತೆಗೆ ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮಕ್ಕಳು ಬೆಂಗಳೂರಿಗೋ ಅದರಾಚೆಗೋ ಹೋಗಿ, ಇಬ್ಬರೇ ಮುದುಕರು ಉಳಿದಿರುವ ಒಂಟಿ ಮನೆಗಳು ಗೋಪಾಲಯ್ಯನ ಕಾಲಕ್ಕಿಂತ ಹೆಚ್ಚಾಗಿವೆ. ಆ ಮನೆಗಳ ಜಗಲಿಯಲ್ಲಿ ವಿನೋದಕ್ಕೆ ಇಂದಿಗೂ ಬರವಿಲ್ಲ. ಮುಂದಿನ ಬಾರಿ ಅಲ್ಲಿಗೆ ಹೋದಾಗ, ನಗಿಸುವ ಯಜಮಾನರ ಮಾತಿಗೆ ಮನಸಾರೆ ನಗೋಣ. ಅವರು ಯಾರನ್ನು ಗೇಲಿ ಮಾಡುತ್ತಿದ್ದಾರೆ ಎಂಬುದನ್ನೂ ಗಮನಿಸೋಣ. ಒಳಗೆ ಕಾಫಿ ಮಾಡುತ್ತಿರುವ ಅಮ್ಮನನ್ನು ಹೇಗಿದ್ದೀರಿ ಎಂದು ಕೇಳಿ, ಉತ್ತರ ಬರುವವರೆಗೆ ಕಾಯೋಣ.